ಲೋಟ ಎಲ್ಲಿಂದ ತುಂಬಿತು?

ಕಾರವಾರದಲ್ಲಿ ಮನೆ ಮನೆ ಸಮೀಕ್ಷೆಗೆ ಹೊರಟಾಗ ನನ್ನ ಮೊದಲ ಪ್ರಶ್ನೆ ಹೀಗಿತ್ತು: "ನಲ್ಲಿ ನೀರು ಕುಡಿಯೋಕೆ ಸುರಕ್ಷಿತ ಅನಿಸುತ್ತಾ? 5ಕ್ಕೆ ಎಷ್ಟು ಅಂಕ ಕೊಡ್ತೀರಿ?" ಕೋಡಿಬಾಗದ ಮೊದಲ ಮನೆಯಲ್ಲೇ 4 ಸಿಕ್ಕಿತು. ಬರೆದುಕೊಂಡು ಎದ್ದೆ. "ಬಿಸಿಲಲ್ಲಿ ಬಂದಿದ್ದೀರಿ, ಕೂತ್ಕೊಳ್ಳಿ" ಎಂದು ಆ ಅಮ್ಮ ಬೆಲ್ಲ, ನೀರು ತಂದಿಟ್ಟರು. ನೀರು ಬಾವಿಯದ್ದು. ನಲ್ಲಿಯದ್ದು? "ಅದು ಪಾತ್ರೆ ತೊಳೆಯೋಕೆ."

ಪಾತ್ರೆ ತೊಳೆಯೋ ನೀರಿಗೆ 4 ಅಂಕ! ನನ್ನನ್ನು ನಗರಸಭೆಯವನು ಅಂದುಕೊಂಡು ಸುಮ್ನೆ ಒಳ್ಳೆ ಮಾತಾಡಿದ್ದರು.

ಮರುದಿನ ಫಾರಂ ಬದಲಾಯಿಸಿದೆ. ನಿನ್ನೆ ರಾತ್ರಿ ಊಟಕ್ಕೆ ಕುಡಿದ ನೀರು ಎಲ್ಲಿಯದು? ಕುದಿಸಿದ್ರಾ, ಸೋಸಿದ್ರಾ? ಮಕ್ಕಳಿಗೂ ಅದೇನಾ? ಅಭಿಪ್ರಾಯದ ಪ್ರಶ್ನೆ ಕೊನೆಗೆ ಹೋಯಿತು. ಕೊಂಕಣಿ ಮನೆಗಳಲ್ಲಿ ಇನ್ನೊಂದು ತೊಡಕು. 'ಸುರಕ್ಷಿತ' ಅಂದರೆ 'ಬರೆಂ' (ಒಳ್ಳೆಯದು) ಅನ್ನೋ ಉತ್ತರ ಬರುತ್ತಿತ್ತು. ರುಚಿಯೂ ಬರೆಂ, ಆರೋಗ್ಯಕ್ಕೂ ಬರೆಂ. ಹಾಗಾಗಿ ರುಚಿ, ವಾಸನೆ, ಕಾಯಿಲೆಯ ಭಯ ಮೂರನ್ನೂ ಬೇರೆ ಬೇರೆ ಕೇಳಿದೆ.

ವಾಸನೆಯ ಉತ್ತರ ನನ್ನನ್ನು ಬೆಚ್ಚಿಬೀಳಿಸಿತು. ನಲ್ಲಿ ನೀರಿನಲ್ಲಿ ರೋಗಾಣು ಕೊಲ್ಲುವ ಕ್ಲೋರಿನ್ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿದಿರಬೇಕು ಎನ್ನುತ್ತದೆ ಕುಡಿಯುವ ನೀರಿಗೆ ನಮ್ಮ ದೇಶದ ಐಎಸ್ 10500 ಮಾನದಂಡ. ಪರೀಕ್ಷಾ ಕಿಟ್‌ನ ಹನಿ ಹಾಕಿದಾಗ ನೀರು ಹಳದಿಯಾದ, ಅಂದರೆ ಕ್ಲೋರಿನ್ ಇದ್ದ ನಲ್ಲಿಗಳನ್ನೇ ಜನ "ಔಷಧಿ ನಾತ, ಬೇಡಪ್ಪಾ" ಎಂದು ದೂರ ಇಟ್ಟಿದ್ದರು. ಕನ್ನಡಿಯಂತಿದ್ದ ಒಂದು ಬಾವಿಯ ನೀರನ್ನು ಬ್ಯಾಕ್ಟೀರಿಯಾ ಪತ್ತೆ ಮಾಡುವ ಎಚ್2ಎಸ್ ಬಾಟಲಿಗೆ ತುಂಬಿಟ್ಟೆ. ಮರುದಿನ ಕಪ್ಪಾಗಿತ್ತು. ಮಲದ ಕೊಳೆ ಸೇರಿರಬಹುದು ಅನ್ನೋ ಸೂಚನೆ ಅದು. ಒಂದು ಎಚ್ಚರಿಕೆ: ಮೊದಲು ಪ್ರಶ್ನೆ, ಆಮೇಲೆ ಪರೀಕ್ಷೆ. ಬಣ್ಣ ನೋಡಿದ ಮೇಲೆ ಯಾರೂ ತಮ್ಮ ಮನಸ್ಸಿನದ್ದು ಹೇಳಲ್ಲ.

ಕಾಲವೂ ಉತ್ತರ ಬದಲಿಸುತ್ತದೆ. ಇಲ್ಲಿಗೆ ನೀರು ಬರೋದು ಗಂಗಾವಳಿ ಹೊಳೆಯಿಂದ. ಮಳೆ ಶುರುವಾಗಿ ಹೊಳೆ ಕೆಂಪಾದರೆ ನಲ್ಲಿಯ ಮೇಲಿನ ನಂಬಿಕೆ ಕುಸಿಯುತ್ತದೆ. ಮೇ ತಿಂಗಳಲ್ಲಿ ಕಾಳಿ ನದಿ ಅಂಚಿನ ಬಾವಿ ಉಪ್ಪಾದರೆ ಅದೇ ನಲ್ಲಿ ಅಮೃತ! ಮೇ ಮತ್ತು ಜುಲೈ ಎರಡರಲ್ಲೂ ಕೇಳದೆ ಬೇರೆ ದಾರಿ ಇರಲಿಲ್ಲ.

ಕೊನೆಗೆ ಫಾರಂಗೆ ಒಂದು ಸಾಲು ಸೇರಿಸಿದೆ: ನಮಗೆ ಕೊಟ್ಟ ಲೋಟ ಎಲ್ಲಿಂದ ತುಂಬಿತು? ಇದನ್ನು ಕೇಳಬಾರದು, ನೋಡಿ ಬರೆಯಬೇಕು. ಬಂದವರಿಗೆ ಇದ್ದುದರಲ್ಲಿ ಒಳ್ಳೆ ನೀರನ್ನೇ ಕೊಡ್ತಾರೆ, ಅಲ್ವಾ? ಅದಕ್ಕೇ ಅದನ್ನು 'ನಿನ್ನೆ ರಾತ್ರಿ'ಯ ಉತ್ತರದ ಪಕ್ಕ ಇಟ್ಟು ನೋಡಿದೆ. ಎರಡೂ ಒಂದೇ ಇದ್ದ ಮನೆಗಳ ಅಂಕಗಳನ್ನು ಜಾಸ್ತಿ ನಂಬಿದೆ.