ಸಂಪುಟಕ್ಕೆ ಟಿಪ್ಪಣಿ ಬರೆಯುವುದು ಹೇಗೆ? ಸಚಿವಾಲಯಕ್ಕೆ ಹೊಸದಾಗಿ ಬಂದವರಿಗೆ

ಸಚಿವಾಲಯಕ್ಕೆ ಹೊಸದಾಗಿ ಸೇರಿದ ಸಹಾಯಕರು, ಶಾಖಾಧಿಕಾರಿಗಳು ನನ್ನನ್ನು ಜಾಸ್ತಿ ಕೇಳುವುದು ಒಂದೇ ಪ್ರಶ್ನೆ: 'ಮೇಡಂ, ಸಚಿವ ಸಂಪುಟದ ಟಿಪ್ಪಣಿ ಬರೆಯೋದು ಹೇಗೆ?' ನಾನು ಅಧೀನ ಕಾರ್ಯದರ್ಶಿಯಾಗಿ ನಿವೃತ್ತಳಾದವಳು. ಒಂದು ವಿಷಯಕ್ಕೆ ಸಚಿವ ಸಂಪುಟದ ಒಪ್ಪಿಗೆ ಕೇಳಿ ಇಲಾಖೆ ಮುಂದಿಡುವ ಆ ಟಿಪ್ಪಣಿಯ ಮೇಲೆ ನನಗೆ ಇವತ್ತಿಗೂ ಬಹಳ ಗೌರವ. ನಮ್ಮ ಕರ್ನಾಟಕ ವಿಧಾನಸಭೆಯ ಬಲ 224. ಸಂವಿಧಾನದ ಶೇ 15ರ ಮಿತಿಯಂತೆ ಮುಖ್ಯಮಂತ್ರಿ ಸೇರಿ 34 ಸಚಿವರವರೆಗೆ ಇರಬಹುದು. ಅವರೆಲ್ಲ ಒಂದೆಡೆ ಕೂತಾಗ, ಸಂಬಂಧಪಟ್ಟ ಸಚಿವರನ್ನು ಬಿಟ್ಟರೆ ಉಳಿದ ಬಹಳಷ್ಟು ಜನರಿಗೆ ನಿಮ್ಮ ವಿಷಯದ ಬಗ್ಗೆ ಗೊತ್ತಿರುವುದು ನಿಮ್ಮ ಟಿಪ್ಪಣಿಯಲ್ಲಿ ಇರುವಷ್ಟೇ. ನೀವು ಬಿಟ್ಟದ್ದು ಅವರಿಗೆ ಕಾಣುವುದಿಲ್ಲ.

ಒಂದು ಉದಾಹರಣೆ ಹಿಡಿದು ಹೋಗೋಣ. ಒಂದು ತಾಲ್ಲೂಕಿನ 30 ಹಾಸಿಗೆಯ ಸಮುದಾಯ ಆರೋಗ್ಯ ಕೇಂದ್ರವನ್ನು 100 ಹಾಸಿಗೆಯ ತಾಲ್ಲೂಕು ಆಸ್ಪತ್ರೆ ಮಾಡಬೇಕು ಅಂದುಕೊಳ್ಳಿ. ಆರೋಗ್ಯ ಆಯುಕ್ತಾಲಯದಿಂದ ಪ್ರಸ್ತಾವನೆ ಬಂದಿದೆ. ಇ-ಆಫೀಸ್‌ನಲ್ಲಿ ಕಡತ ನಿಮ್ಮ ಲಾಗಿನ್‌ಗೆ ಬಂದು ಕೂತಿದೆ.

ಮೊದಲು ನೋಡಬೇಕಾದ್ದು, ಇದು ಸಂಪುಟದವರೆಗೆ ಹೋಗಬೇಕಾದ ವಿಷಯವೇ ಎಂದು. ಸಂವಿಧಾನದ 166ನೇ ವಿಧಿಯ ಅಡಿಯಲ್ಲಿ ನಮ್ಮ ರಾಜ್ಯ 1977ರಲ್ಲಿ ಎರಡು ನಿಯಮಾವಳಿಗಳನ್ನು ಮಾಡಿಕೊಂಡಿದೆ. ಯಾವ ವಿಷಯ ಯಾವ ಇಲಾಖೆಯದು ಎಂದು ಒಂದು ಹೇಳುತ್ತದೆ. ಕೆಲಸ ನಡೆಯಬೇಕಾದ ಕ್ರಮ ಇನ್ನೊಂದರಲ್ಲಿದೆ. ಈ ಎರಡನೆಯದರ ಮೊದಲ ಅನುಸೂಚಿಯಲ್ಲಿ ಸಂಪುಟದ ಮುಂದೆ ಇಡಲೇಬೇಕಾದ ವಿಷಯಗಳ ಪಟ್ಟಿ ಇದೆ. ಅದನ್ನು ಮುದ್ರಿಸಿ ಮೇಜಿನ ಮೇಲೆ ಇಟ್ಟುಕೊಳ್ಳಿ. ಪಕ್ಕದ ಶಾಖೆಯವರನ್ನು ಕೇಳಿ 'ಹೋದ ಸಲ ಕಳಿಸಿದ್ವಿ, ಈ ಸಲವೂ ಕಳಿಸೋಣ' ಎಂದು ಹೊರಡಬೇಡಿ. ಬೇಡದ ವಿಷಯ ಹೋದರೆ ಎಲ್ಲರ ಸಮಯ ಹಾಳು. ಹೋಗಬೇಕಾದ ವಿಷಯ ಹೋಗದೆ ಆದೇಶವಾದರೆ ಆಮೇಲೆ ಘಟನೋತ್ತರ ಅನುಮೋದನೆ ಕೇಳಿಕೊಂಡು ನಿಲ್ಲಬೇಕು.

ಈಗ ಹಣದ ಮಾತು. ಟಿಪ್ಪಣಿಯಲ್ಲಿ ನಾನು ಎಲ್ಲಕ್ಕಿಂತ ಮೊದಲು ಓದುತ್ತಿದ್ದದ್ದು ಆರ್ಥಿಕ ಪರಿಣಾಮದ ಕಂಡಿಕೆ. ಹೊಸಬರು ಅಲ್ಲಿ ಒಂದು ಮೊತ್ತ ಬರೆದು ಮುಗಿಸುತ್ತಾರೆ. ಆಸ್ಪತ್ರೆಗೆ ಆಗುವ ಖರ್ಚು ಒಂದೇ ಬಗೆಯದಲ್ಲ. ಕಟ್ಟಡ ಮತ್ತು ಉಪಕರಣಕ್ಕೆ ಒಂದು ಸಲ ಆಗುವ ಖರ್ಚು ಬೇರೆ. ಹುದ್ದೆಗಳ ಸಂಬಳ ಬೇರೆ. ಔಷಧಿ, ಕರೆಂಟು, ನೀರು, ಬಟ್ಟೆ ಒಗೆಯುವುದು, ರೋಗಿಗಳ ಊಟ, ಇವೆಲ್ಲ ಪ್ರತಿವರ್ಷ ಬರುವ ಖರ್ಚು. ಮೂರನ್ನೂ ಬೇರೆ ಬೇರೆ ಬರೆಯಿರಿ. ಈ ವರ್ಷದ ಆಯವ್ಯಯದಲ್ಲಿ ಯಾವ ಲೆಕ್ಕ ಶೀರ್ಷಿಕೆಯಲ್ಲಿ ಎಷ್ಟು ಅನುದಾನವಿದೆ, ಕೊರತೆ ಬಿದ್ದರೆ ಎಲ್ಲಿಂದ ತರುತ್ತೀರಿ ಎಂಬುದನ್ನೂ ಅಲ್ಲೇ ಹೇಳಿ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ಒಂದು ಊರಿನಲ್ಲಿ ಹೊಸ ಆಸ್ಪತ್ರೆ ಕಟ್ಟಡಕ್ಕೆ ಬೀಗ ಬಿದ್ದಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಕಟ್ಟಡಕ್ಕೆ ಮಂಜೂರಾತಿ ಇತ್ತು, ಹುದ್ದೆ ಸೃಜನೆಗೆ ಇರಲಿಲ್ಲ. ಹೆರಿಗೆ ತಜ್ಞೆ ಇಲ್ಲ, ಅರಿವಳಿಕೆ ತಜ್ಞರಿಲ್ಲ, ಶುಶ್ರೂಷಕಿಯರಿಲ್ಲ. ಗರ್ಭಿಣಿಯರು ಆ ಬೀಗ ನೋಡಿಕೊಂಡೇ ಜಿಲ್ಲಾ ಆಸ್ಪತ್ರೆಗೆ ಹೋಗುತ್ತಿದ್ದರು. ಟಿಪ್ಪಣಿಯಲ್ಲಿ ಹುದ್ದೆಗಳ ಬಗ್ಗೆ ಇದ್ದದ್ದು ಒಂದೇ ಸಾಲು: 'ಪ್ರತ್ಯೇಕವಾಗಿ ಪರಿಶೀಲಿಸಲಾಗುವುದು.' ಈ ಸಾಲನ್ನು ದಯವಿಟ್ಟು ಬರೆಯಬೇಡಿ. ಎಷ್ಟು ಹುದ್ದೆ, ಯಾವ ವೃಂದ (ಕೇಡರ್), ವರ್ಷಕ್ಕೆ ಎಷ್ಟು ಹೊರೆ ಎಂದು ಲೆಕ್ಕ ಹಾಕಿ ಅದೇ ಟಿಪ್ಪಣಿಯಲ್ಲಿ ಇಡಿ.

ಇದಾದ ಮೇಲೆ ಕಡತ ಆರ್ಥಿಕ ಇಲಾಖೆಗೆ ಹೋಗುತ್ತದೆ. ಹಣದ ಹೊರೆ ಇರುವ ಯಾವ ಪ್ರಸ್ತಾವನೆಯೂ ಅವರನ್ನು ಕೇಳದೆ ಮುಂದೆ ಹೋಗುವಂತಿಲ್ಲ. ಕಾಯಿದೆಯ ಪ್ರಶ್ನೆ ಇದ್ದರೆ ಕಾನೂನು ಇಲಾಖೆ, ನೇಮಕಾತಿಯ ವಿಷಯವಿದ್ದರೆ ಸಿಬ್ಬಂದಿ ಮತ್ತು ಆಡಳಿತ ಸುಧಾರಣಾ ಇಲಾಖೆ. ಅವರು ಒಪ್ಪಬಹುದು, ಒಪ್ಪದೇ ಇರಬಹುದು. ಒಪ್ಪದಿದ್ದರೆ ಅವರ ಅಭಿಪ್ರಾಯವನ್ನು ಅವರ ಮಾತಿನಲ್ಲೇ ಟಿಪ್ಪಣಿಗೆ ಇಳಿಸಿ. 'ಆರ್ಥಿಕ ಇಲಾಖೆ ಕೆಲವು ಸಲಹೆ ನೀಡಿದೆ' ಎಂದು ಮೆತ್ತಗೆ ಮಾಡಬೇಡಿ. ಅದರ ಕೆಳಗೆ ನಿಮ್ಮ ಇಲಾಖೆಯ ಉತ್ತರ ಬರೆಯಿರಿ. ಎರಡೂ ಕಡೆಯ ವಾದ ಓದಿದ ಮೇಲೆ ಸಂಪುಟ ಏನು ನಿರ್ಧರಿಸಿದರೂ ಅದು ಅವರ ಹಕ್ಕು, ಜನ ಅವರಿಗೆ ಕೊಟ್ಟ ಹಕ್ಕು. ವಾದವನ್ನೇ ಮುಚ್ಚಿಟ್ಟರೆ ಆ ಹಕ್ಕನ್ನು ಕಿತ್ತುಕೊಂಡಂತೆ ಅಲ್ವಾ?

ಮೇಲಿನಿಂದ ಫೋನ್ ಬರುತ್ತದೆ. 'ಆ ಕಂಡಿಕೆ ತೆಗೆದುಬಿಡಿ, ಸಾಹೇಬರು ಹೇಳಿದ್ದಾರೆ.' ಆಗ ಹೆದರಬೇಡಿ, ಜಗಳವೂ ಬೇಡ. 'ಸರಿ, ಕಡತದಲ್ಲಿ ಸೂಚನೆ ಬರಲಿ, ಅದರಂತೆ ಮಾಡುತ್ತೇನೆ' ಎನ್ನಿ. ಅಧಿಕಾರಿಗಳು ಬಾಯಿಮಾತಿನ ಸೂಚನೆಯ ಮೇಲೆ ನಡೆಯಬಾರದು, ಅದು ಬರಹದಲ್ಲಿ ದಾಖಲಾಗಬೇಕು ಎಂದು ಟಿ.ಎಸ್.ಆರ್. ಸುಬ್ರಮಣಿಯನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿದೆ. ನಾನು ಹೀಗೆ ಹೇಳಿದಾಗ ಎಷ್ಟೋ ಸಲ ಆ ಸೂಚನೆ ಬರಹದಲ್ಲಿ ಬರಲೇ ಇಲ್ಲ, ಕಂಡಿಕೆ ಹಾಗೇ ಉಳಿಯಿತು. ಬಂದಾಗ, ನನ್ನ ಭಿನ್ನ ಅಭಿಪ್ರಾಯವನ್ನು ಎರಡು ಸಾಲಿನಲ್ಲಿ ಬರೆದು, ಹೇಳಿದಂತೆ ಮಾಡಿದೆ.

ಮುಂದಿನ ದಾರಿ ಸರಳ. ಅಧೀನ ಕಾರ್ಯದರ್ಶಿ, ಉಪ ಕಾರ್ಯದರ್ಶಿ, ಪ್ರಧಾನ ಕಾರ್ಯದರ್ಶಿ, ಆಮೇಲೆ ಇಲಾಖೆಯ ಸಚಿವರು. ಅವರು ಒಪ್ಪಿದ ಮೇಲೆ ಮುಖ್ಯ ಕಾರ್ಯದರ್ಶಿಗಳ ಮೂಲಕ ಮುಖ್ಯಮಂತ್ರಿಗಳ ಒಪ್ಪಿಗೆ ಪಡೆದು ವಿಷಯ ಕಾರ್ಯಸೂಚಿಗೆ ಸೇರುತ್ತದೆ. ನಮ್ಮಲ್ಲಿ ಮುಖ್ಯ ಕಾರ್ಯದರ್ಶಿಯೇ ಸಂಪುಟದ ಕಾರ್ಯದರ್ಶಿ ಕೂಡ. ಹಿಂದಿನ ದಿನ ರಾತ್ರಿ ಓಡಿ ಹೆಚ್ಚುವರಿ ವಿಷಯವಾಗಿ ತುರುಕುವ ಅಭ್ಯಾಸ ಬೇಡ. ಸಚಿವರಿಗೆ ಓದಲು ಸಮಯ ಸಿಗಬೇಕು.

ಸಭೆ ಸಾಮಾನ್ಯವಾಗಿ ಗುರುವಾರ ವಿಧಾನಸೌಧದಲ್ಲಿ. ಆಗಾಗ ಹೊರಗೂ ನಡೆಯುತ್ತದೆ: 2024ರ ಸೆಪ್ಟೆಂಬರ್ 17ರಂದು ಕಲಬುರಗಿಯಲ್ಲಿ, 2025ರ ಏಪ್ರಿಲ್‌ನಲ್ಲಿ ಮಲೆ ಮಹದೇಶ್ವರ ಬೆಟ್ಟದಲ್ಲಿ ಸೇರಿತ್ತು. ಎಲ್ಲೇ ನಡೆದರೂ ನಿಮ್ಮ ಕೆಲಸ ಒಂದೇ. ನಿಮ್ಮ ಕಾರ್ಯದರ್ಶಿಯವರ ಕೈಯಲ್ಲಿ ಒಂದು ಪುಟದ ಸಾರಾಂಶ ಇರಲಿ. ಅಂಕಿ ಕೇಳಿದರೆ ತಕ್ಷಣ ಹೇಳಲು ನೀವು ಫೋನಿನ ಪಕ್ಕದಲ್ಲಿರಿ. ಒಳಗೆ ಯಾರು ಏನು ಅಂದರು ಎಂದು ಕೆದಕಬೇಡಿ. 164ನೇ ವಿಧಿಯ ಪ್ರಕಾರ ಹೊಣೆ ಇಡೀ ಮಂತ್ರಿಮಂಡಲದ್ದು. ಹೊರಗೆ ಬರುವುದು ಒಂದೇ ನಿರ್ಣಯ.

ಸಂಜೆ ಟಿವಿಯಲ್ಲಿ 'ಆಸ್ಪತ್ರೆಗೆ ಸಂಪುಟ ಅಸ್ತು' ಎಂದು ಬರುತ್ತದೆ. ಊರಿನವರು ಮರುದಿನವೇ ಕೇಳಲು ಶುರು ಮಾಡುತ್ತಾರೆ. ಆದರೆ ನಿರ್ಣಯವೇ ಆದೇಶವಲ್ಲ. ಕಡತದ ಮೇಲಿನ ಒಪ್ಪಿಗೆ ರಾಜ್ಯಪಾಲರ ಹೆಸರಿನಲ್ಲಿ ಆದೇಶವಾಗಿ ಹೊರಬಿದ್ದು ಸಂಬಂಧಪಟ್ಟವರಿಗೆ ತಲುಪುವವರೆಗೆ ಬದಲಾಗಬಹುದು ಎಂದು ಬಚ್ಚಿತ್ತರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1962ರಲ್ಲೇ ಸ್ಪಷ್ಟ ಮಾಡಿದೆ. ಹಾಗಾಗಿ ನಿರ್ಣಯದ ಪ್ರತಿ ಕೈಸೇರಿದ ದಿನವೇ ಕರಡು ಆದೇಶ ಮಂಡಿಸಿ. ಸಂಪುಟ ಹಾಕಿದ ಷರತ್ತುಗಳನ್ನು ಒಂದಕ್ಷರ ಬಿಡದೆ ಸೇರಿಸಿ. 'ಕರ್ನಾಟಕ ರಾಜ್ಯಪಾಲರ ಆದೇಶಾನುಸಾರ ಮತ್ತು ಅವರ ಹೆಸರಿನಲ್ಲಿ' ಎಂಬ ಸಾಲಿನ ಕೆಳಗೆ ಸಹಿ ಬೀಳುವವರೆಗೆ ಆ ಕಡತವನ್ನು ಬಿಡಬೇಡಿ.

ಆಮೇಲೆಯೂ ತಾಂತ್ರಿಕ ಮಂಜೂರಾತಿ, ಟೆಂಡರ್ ಎಲ್ಲ ಬಾಕಿ ಇರುತ್ತದೆ. ಯಾರಾದರೂ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದರೆ ಸುಮ್ನೆ 'ಸಂಪುಟದ ವಿಷಯ, ಕೊಡಲಾಗದು' ಎಂದು ಹಿಂಬರಹ ಕೊಡಬೇಡಿ. 2005ರ ಕಾಯಿದೆಯ 8(1)(ಐ) ಪ್ರಕಾರ, ನಿರ್ಣಯವಾಗಿ ವಿಷಯ ಪೂರ್ಣಗೊಂಡ ಮೇಲೆ, ಬೇರೆ ವಿನಾಯಿತಿ ಇಲ್ಲದಿದ್ದರೆ, ನಿರ್ಣಯ, ಅದರ ಕಾರಣ, ಆಧಾರವಾದ ಕಾಗದಗಳು ಜನರಿಗೆ ಸಿಗಬೇಕು. ಟಿಪ್ಪಣಿ ಬರೆಯುವಾಗಲೇ ಇದು ನೆನಪಿರಲಿ.

ಆದೇಶದ ಕೆಳಗೆ 'ಇವರಿಗೆ' ಎಂದು ಪ್ರತಿಗಳ ಪಟ್ಟಿ ಇರುತ್ತದೆ: ಮಹಾಲೇಖಪಾಲರು, ಜಿಲ್ಲಾಧಿಕಾರಿ, ಜಿಲ್ಲಾ ಆರೋಗ್ಯಾಧಿಕಾರಿ, ಶಾಖಾ ರಕ್ಷಾ ಕಡತ. ಹಳೆಯ ಆದೇಶದಿಂದ ಆ ಪಟ್ಟಿಯನ್ನು ಹಾಗೇ ನಕಲು ಮಾಡುವುದು ರೂಢಿ. ನೀವು ಅದರಲ್ಲಿ ಆ ಆಸ್ಪತ್ರೆಯ ಆಡಳಿತ ವೈದ್ಯಾಧಿಕಾರಿಯನ್ನೂ ಸೇರಿಸಿ, ಪ್ರತಿಯನ್ನು ಅವರ ಇಮೇಲ್‌ಗೆ ನೇರವಾಗಿ ಕಳಿಸಿ.