ಕಿಲ್ಟ್ ಹೊಲಿಸ್ತೀರಾ? ಪ್ಯಾಂಟಿನ ಸೈಜ್ ಮರೆತುಬಿಡಿ

ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಗೆಳೆಯನ ಮದುವೆ. ಗಂಡಿನ ಕಡೆಯವರೆಲ್ಲ ಕಿಲ್ಟ್, ಅಂದರೆ ಅಲ್ಲಿನ ಗಂಡಸರು ಸೊಂಟಕ್ಕೆ ಸುತ್ತಿಕೊಳ್ಳುವ ಮಂಡಿಯುದ್ದದ ನೆರಿಗೆ ಉಡುಪು, ಹಾಕಬೇಕು ಅಂತ ತೀರ್ಮಾನವಾಯಿತು. ಬಾಡಿಗೆಗೆ ತರುವ ಬದಲು ಹೊಲಿಸಿಯೇ ಬಿಡೋಣ ಎಂದುಕೊಂಡೆ. ಆರ್ಡರ್ ಫಾರ್ಮಿನಲ್ಲಿ ಸೊಂಟ ಎಂದಿದ್ದ ಕಡೆ 34 ಎಂದು ಬರೆದು ಕಳಿಸಿದೆ. ವರ್ಷಗಳಿಂದ ಜೀನ್ಸ್ ಕೊಳ್ಳುವುದು ಅದೇ ಸೈಜಿನಲ್ಲಿ, ಅನುಮಾನವೇ ಬರಲಿಲ್ಲ. ಎರಡು ತಿಂಗಳ ಮೇಲೆ ಪೆಟ್ಟಿಗೆ ಬಂತು. ಕಿಲ್ಟ್ ಕಟ್ಟಲು ಹೋದರೆ ಬಕಲ್‌ಗೂ ಪಟ್ಟಿಯ ಮೊದಲ ತೂತಿಗೂ ನಡುವೆ ಮೂರು ಬೆರಳು ಜಾಗ! ಉಸಿರು ಬಿಗಿಹಿಡಿದರೂ ಮುಟ್ಟಲಿಲ್ಲ. ಕೊನೆಗೆ ಬಾಡಿಗೆಯದನ್ನೇ ಹಾಕಿಕೊಂಡು ಹೋದೆ. ತಪ್ಪು ಹೊಲಿದವರದಲ್ಲ, ನನ್ನದೇ.

ನಾವು ಜೀನ್ಸ್ ಹಾಕುವುದು ಹೊಕ್ಕುಳಿನ ಕೆಳಗೆ. ಪಂಚೆ ಉಡುವುದೂ ಹೆಚ್ಚುಕಡಿಮೆ ಅಲ್ಲೇ, ಹೊಟ್ಟೆ ಇದ್ದವರಂತೂ ಹೊಟ್ಟೆಯ ಕೆಳಗೇ. ಸ್ಕಾಟ್ಲೆಂಡಿನ ಸಾಂಪ್ರದಾಯಿಕ ಕಿಲ್ಟ್ ಕೂರುವುದು ಅದಕ್ಕಿಂತ ಸಾಕಷ್ಟು ಮೇಲೆ, ಪಕ್ಕೆಲುಬು ಮುಗಿದು ಸೊಂಟದ ಎಲುಬು ಶುರುವಾಗುವ ನಡುವಿನ ಮೆತ್ತನೆ ಜಾಗದಲ್ಲಿ. ಅಲ್ಲಿನ ಸುತ್ತಳತೆಗೂ ಜೀನ್ಸ್ ಸೈಜಿಗೂ ಸಂಬಂಧವೇ ಇಲ್ಲ.

'ಸ್ವಲ್ಪ ಬಿಡಿಸಿದರೆ ಆಯ್ತಲ್ವಾ' ಅಂತ ನನಗೂ ಅನ್ನಿಸಿತ್ತು. ಪ್ಯಾಂಟಾದರೆ ಆಗುತ್ತಿತ್ತು. ಕಿಲ್ಟ್‌ಗೆ ಹೋಗುವುದು 8 ಗಜ ಬಟ್ಟೆ, ಸೀರೆಗಿಂತ 2 ಗಜ ಜಾಸ್ತಿ. ದೊಡ್ಡ ಪನ್ನದ 4 ಗಜ ಉಣ್ಣೆ ಬಟ್ಟೆಯನ್ನು ಉದ್ದಕ್ಕೆ ಸೀಳಿ, ಜೋಡಿಸಿ 8 ಗಜ ಮಾಡುತ್ತಾರೆ. ಮುಂದೆ ಒಂದರ ಮೇಲೊಂದು ಎರಡು ಮಟ್ಟಸ ಪದರ. ಉಳಿದದ್ದೆಲ್ಲ ಹಿಂದೆ ನೆರಿಗೆ. ಟಾರ್ಟನ್ ಎಂಬ ಈ ಬಣ್ಣದ ಗೆರೆಗಳ ಬಟ್ಟೆಯ ಚೌಕುಳಿ ನೆರಿಗೆಯಿಂದ ನೆರಿಗೆಗೆ ಕೂಡಿಕೊಂಡು ಹೋಗಬೇಕು. ಒಂದೊಂದು ನೆರಿಗೆಯೂ ಸೀಟಿನ (ಹಿಂಭಾಗದ) ಹತ್ತಿರ ಅಗಲ, ಸೊಂಟದ ಹತ್ತಿರ ಕಿರಿದು. ಒಳ್ಳೆಯ ಕಿಲ್ಟ್‌ನಲ್ಲಿ ಇದನ್ನೆಲ್ಲ ಕೈಯಲ್ಲೇ ಹೊಲಿದಿರುತ್ತಾರೆ. ಮೂರಿಂಚು ದೊಡ್ಡದು ಮಾಡಬೇಕೆಂದರೆ ಅಷ್ಟೂ ನೆರಿಗೆ ಬಿಚ್ಚಬೇಕು. ಹಾಗಾಗಿ ಅಳತೆಗೆ ಅರ್ಧ ಗಂಟೆ ಜಾಸ್ತಿ ಕೊಟ್ಟರೂ ನಷ್ಟವಿಲ್ಲ.

ದಾರ ಕಟ್ಟಿ ಶುರುಮಾಡಿ

ಟೈಲರ್ ಬಳಸುವ ಮೆತ್ತನೆ ಟೇಪು ಬೇಕು. ಗೋಡೆ ಅಳೆಯುವ ಕಬ್ಬಿಣದ ಟೇಪು ಬೇಡ. ಹಳೇ ಟೇಪು ಎಳೆದು ಎಳೆದು ಹಿಗ್ಗಿರುತ್ತದೆ, ಸ್ಕೇಲಿನ ಪಕ್ಕ ಇಟ್ಟು ಒಮ್ಮೆ ನೋಡಿಕೊಳ್ಳಿ. ಜೊತೆಗೆ ಒಬ್ಬರು ಬೇಕೇ ಬೇಕು. ಒಬ್ಬರೇ ಅಳೆದುಕೊಳ್ಳಲು ಹೋದರೆ ನಂಬರ್ ಓದಲು ತಲೆ ಬಗ್ಗಿಸುತ್ತೀರಿ. ತಲೆ ಬಗ್ಗಿದರೆ ಬೆನ್ನು ಬಗ್ಗುತ್ತದೆ, ಉದ್ದದಲ್ಲಿ ಒಂದಿಂಚು ಎಲ್ಲಿ ಹೋಯಿತೋ ಗೊತ್ತಾಗುವುದಿಲ್ಲ. ಮೈಮೇಲೆ ತೆಳು ಶರ್ಟ್, ಒಳಉಡುಪು ಅಷ್ಟೇ ಇರಲಿ.

ನೆಟ್ಟಗೆ ನಿಂತು ಒಂದು ಪಕ್ಕಕ್ಕೆ ವಾಲಿ. ಪಕ್ಕೆಯಲ್ಲಿ ಚರ್ಮ ಮಡಚಿಕೊಳ್ಳುವ ಜಾಗ ಸಿಗುತ್ತದೆ, ಅಲ್ಲಿ ಬೆರಳಿಡಿ. ಅದೇ ನಿಜವಾದ ಸೊಂಟ. ಅಲ್ಲಿ ಒಂದು ದಾರವನ್ನೋ ಎಲಾಸ್ಟಿಕ್ಕನ್ನೋ ಉಡಿದಾರದ ಹಾಗೆ ಕಟ್ಟಿ. ಉಡಿದಾರ ಕೆಳಗೆ ಜಾರಿ ಕೂರುತ್ತದೆ, ಇದು ಜಾರಬಾರದು, ಅಷ್ಟೇ ವ್ಯತ್ಯಾಸ. ಸುತ್ತಲೂ ನೆಲಕ್ಕೆ ಸಮವಾಗಿದೆಯೇ ಎಂದು ಜೊತೆಗಿರುವವರು ನೋಡಲಿ. ಇನ್ನು ಅಳತೆ ಪೂರ್ತಿ ಮುಗಿಯುವ ತನಕ ದಾರ ಬಿಚ್ಚಬೇಡಿ.

ಸೊಂಟದ ಅಳತೆ ಈ ದಾರದ ಮೇಲೇ. ಟೇಪು ಮೈಗೆ ಅಂಟಿರಲಿ, ಒತ್ತಬಾರದು. ಹೊಟ್ಟೆ ಒಳಗೆ ಎಳ್ಕೊಳ್ಳಬೇಡಿ, ಸುಮ್ನೆ ಉಸಿರಾಡಿ, ಉಸಿರು ಬಿಟ್ಟಾಗ ಓದಿ. 'ಎರಡಿಂಚು ಇಳಿಸ್ತೀನಿ, ಅಷ್ಟರಲ್ಲಿ ಜಿಮ್ ಸೇರ್ತೀನಿ' ಎಂದು ಕಮ್ಮಿ ಬರೆಯುವವರೂ ಇದ್ದಾರೆ. ಬೇಡ. ಹೊಟ್ಟೆ ದೊಡ್ಡದಿದ್ದರೆ ಅದು ಹೆಚ್ಚು ಮುಂದೆ ಬಂದಿರುವ ಕಡೆಯ ಸುತ್ತಳತೆಯನ್ನೂ ಬೇರೆಯಾಗಿ ಬರೆಯಿರಿ. ಮುಂದಿನ ಪದರ ಅದರ ಮೇಲಿಂದ ಇಳಿಯಬೇಕಲ್ಲ.

ಇನ್ನು ಸೀಟಿನ ಅಳತೆ. ಕಾಲು ಜೋಡಿಸಿ ನಿಲ್ಲಿ. ಪಕ್ಕದಿಂದ ನೋಡಿದಾಗ ಹಿಂಭಾಗ ಎಲ್ಲಿ ಹೆಚ್ಚು ಉಬ್ಬಿದೆಯೋ ಅಲ್ಲಿ ಟೇಪು ಸುತ್ತಿ. ಇಲ್ಲಿ ಬಿಗಿ ಬೇಡ, ಟೇಪು ಸಲೀಸಾಗಿ ಜಾರುವಷ್ಟು ಸಡಿಲ ಇರಲಿ. ಸೀಟು ಬಿಗಿಯಾದರೆ ಹಿಂದಿನ ನೆರಿಗೆ ಬಾಯಿ ಬಿಟ್ಟುಕೊಳ್ಳುತ್ತದೆ, ನಡೆಯುವಾಗ ತೂಗುವ ಆ ಚಂದವೇ ಹೋಗುತ್ತದೆ. ಹಾಗೇ ದಾರದಿಂದ ಈ ಜಾಗದವರೆಗಿನ ದೂರವನ್ನೂ ಬರೆದುಕೊಳ್ಳಿ. ನೆರಿಗೆಗಳನ್ನು ಹೊಲಿದು ಮುಚ್ಚುವುದು ಅಲ್ಲಿಯ ತನಕ. ಅಲ್ಲಿಂದ ಕೆಳಗೆ ನೆರಿಗೆ ಹೊಲಿಗೆಯಿಲ್ಲದೆ ಬಿಡಿಯಾಗಿರುತ್ತದೆ.

ಮಂಡಿಯೂರಿ

ಉದ್ದದಲ್ಲೇ ಜಾಸ್ತಿ ಜನ ಎಡವುವುದು. ಕಿಲ್ಟ್‌ನ ಅಂಚು ಮಂಡಿಚಿಪ್ಪಿನ ಮೇಲಂಚು ಮತ್ತು ಮಧ್ಯಭಾಗದ ನಡುವೆ ಎಲ್ಲಾದರೂ ನಿಲ್ಲಬೇಕು. ಕೆಳಗಿಳಿದರೆ ಅಣ್ಣನ ಕಿಲ್ಟ್ ತಮ್ಮ ಹಾಕಿಕೊಂಡ ಹಾಗೆ ಕಾಣುತ್ತದೆ. ಮೇಲೇರಿದರೆ ಏನಾಗುತ್ತದೆ ಎನ್ನುವುದಕ್ಕೆ ಇತಿಹಾಸದಲ್ಲೇ ಉದಾಹರಣೆ ಇದೆ. 1822ರಲ್ಲಿ ಬ್ರಿಟನ್ನಿನ ದೊರೆ ನಾಲ್ಕನೇ ಜಾರ್ಜ್ ಎಡಿನ್‌ಬರೋಗೆ ಬಂದಾಗ ತೊಟ್ಟಿದ್ದ ಕಿಲ್ಟ್ ತೀರಾ ಗಿಡ್ಡ, ಒಳಗೆ ಗುಲಾಬಿ ಬಣ್ಣದ ಬಿಗಿ ಕಾಲುಡುಪು. ವ್ಯಂಗ್ಯಚಿತ್ರ ಬರೆಯುವವರಿಗೆ ಹಬ್ಬವೋ ಹಬ್ಬ. ಆಮೇಲೆ ಕಲಾವಿದ ಡೇವಿಡ್ ವಿಲ್ಕಿ ಬರೆದ ದೊರೆಯ ಭಾವಚಿತ್ರದಲ್ಲಿ ಮಂಡಿ ಬರಿದಾಗಿದೆ, ಗುಲಾಬಿ ಮಾಯ!

ಚಾಪೆಯಿಲ್ಲದ ಗಟ್ಟಿ ನೆಲದ ಮೇಲೆ ಮಂಡಿಯೂರಿ. ತೊಡೆ, ಬೆನ್ನು ಒಂದೇ ಗೆರೆಯಲ್ಲಿ ನೆಟ್ಟಗಿರಲಿ, ಹಿಮ್ಮಡಿ ಮೇಲೆ ಕೂರಬೇಡಿ. ನೋಟ ಎದುರಿನ ಗೋಡೆಯ ಮೇಲೆ. ಜೊತೆಗಿರುವವರು ದಾರದಿಂದ ನೆಲದವರೆಗೆ ಟೇಪನ್ನು ನೇರವಾಗಿ ಇಳಿಬಿಟ್ಟು ಓದಲಿ. ಮುಂದೆ ಒಮ್ಮೆ, ಎರಡೂ ಪಕ್ಕ ಒಂದೊಂದು ಸಲ. ಆಮೇಲೆ ಎದ್ದು ನಿಂತು ದಾರದಿಂದ ಮಂಡಿಚಿಪ್ಪಿನ ಮಧ್ಯಕ್ಕೆ ಇನ್ನೊಮ್ಮೆ ಅಳೆಯಿರಿ. ನೆಲದ ಅಳತೆಯಿಂದ ಇಂಚೋ ಅರ್ಧ ಇಂಚೋ ಕಳೆಯುವುದು ಕೆಲವರ ಪದ್ಧತಿ. ಆ ಲೆಕ್ಕ ಹೊಲಿಯುವವರಿಗೇ ಬಿಡಿ. ನೀವೂ ಕಳೆದು ಅವರೂ ಕಳೆದರೆ ನಾಲ್ಕನೇ ಜಾರ್ಜ್ ಆಗಿಬಿಡುತ್ತೀರಿ. ಇನ್ನೊಂದು ವಿಷಯ. ಕಿಲ್ಟ್ ದಾರದ ಗೆರೆಯಲ್ಲೇ ನಿಲ್ಲುವುದಿಲ್ಲ, ಅದಕ್ಕಿಂತ ಸುಮಾರು 2 ಇಂಚು ಮೇಲೇರುತ್ತದೆ. ಅದನ್ನೂ ನೀವು ಸೇರಿಸಬೇಡಿ.

ಕೋಟು, ಕಾಲುಚೀಲ, ಸ್ಪೊರನ್

ಕಿಲ್ಟ್ ಪ್ಯಾಂಟಿಗಿಂತ ಎತ್ತರದಲ್ಲಿ ಕೂರುವುದರಿಂದ ಅದರ ಜೊತೆಗಿನ ಕೋಟು ಗಿಡ್ಡ. ಮನೆಯಲ್ಲಿರುವ ಸೂಟಿನ ಕೋಟು ಹಾಕಿದರೆ ಅರ್ಧ ಕಿಲ್ಟ್ ಮುಚ್ಚಿಹೋಗುತ್ತದೆ. ಮದುವೆಗೆ ಜಾಸ್ತಿ ನಡೆಯುವುದು ಪ್ರಿನ್ಸ್ ಚಾರ್ಲಿ ಅಥವಾ ಆರ್ಗೈಲ್ ಕೋಟು. ಅದಕ್ಕೆ ಬೇಕಾದ ಅಳತೆ: ಎದೆ, ಭುಜದಿಂದ ಭುಜ, ಕತ್ತಿನ ಹಿಂದಿನ ಎಲುಬಿನಿಂದ ದಾರದವರೆಗೆ ಬೆನ್ನು. ತೋಳು ಅಳೆಯುವಾಗ ಕೈ ಸ್ವಲ್ಪ ಮಡಚಿ, ಕತ್ತಿನ ಎಲುಬಿನಿಂದಲೇ ಶುರುಮಾಡಿ ಭುಜ ಹಾದು ಮಣಿಕಟ್ಟಿನ ತನಕ. ಇದಿಷ್ಟನ್ನು ಊರಿನ ಯಾವ ಟೈಲರ್ ಆದರೂ ಐದು ನಿಮಿಷದಲ್ಲಿ ಮಾಡಿಕೊಡುತ್ತಾರೆ.

ಕಾಲುಚೀಲಕ್ಕೆ ಮೀನಖಂಡದ ಸುತ್ತಳತೆ, ಪಾದದ ಸೈಜ್ ಸಾಕು. ಅದರ ಮಡಿಕೆ ಮಂಡಿಚಿಪ್ಪಿನಿಂದ ಮೂರು ಬೆರಳು ಕೆಳಗೆ ನಿಲ್ಲಬೇಕು. ಮುಂದೆ ತೂಗುವ ಚೀಲ, ಅದೇ ಸ್ಪೊರನ್, ಅದರ ಸರಪಳಿಗೆ ಸೊಂಟದ ಅಳತೆ ಕೊಡಬೇಡಿ. ಅದು ಸೊಂಟಕ್ಕಿಂತ ಕೆಳಗೆ, ಹಿಂಭಾಗದ ಉಬ್ಬು ಶುರುವಾಗುವ ಕಡೆ ಸುತ್ತುತ್ತದೆ. ಚೀಲದ ಮೇಲಂಚು ಬೆಲ್ಟಿನ ಬಕಲ್‌ನಿಂದ ಒಂದು ಅಂಗೈ ಅಗಲ ಕೆಳಗಿದ್ದರೆ ಸರಿ.

ಎಲ್ಲವನ್ನೂ ಎರಡು ಸಲ ಅಳೆಯಿರಿ. ಅರ್ಧ ಇಂಚಿಗಿಂತ ಜಾಸ್ತಿ ವ್ಯತ್ಯಾಸ ಬಂದರೆ ಮೂರನೇ ಸಲ. ಇಂಚೋ ಸೆಂಟಿಮೀಟರೋ ಸ್ಪಷ್ಟವಾಗಿ ಬರೆಯಿರಿ. ಸೊಂಟವನ್ನು ಎಲ್ಲಿ ಅಳೆದಿರಿ ಎಂಬುದನ್ನೂ ಬರೆಯಿರಿ: 'ಹೊಕ್ಕುಳಿಗಿಂತ ಒಂದಿಂಚು ಮೇಲೆ' ಅಂತಲೋ, 'ಹೊಕ್ಕುಳಿನ ಮೇಲೇ' ಅಂತಲೋ. ಒಬ್ಬೊಬ್ಬ ಹೊಲಿಯುವವರದು ಒಂದೊಂದು ಪದ್ಧತಿ, ಈ ಒಂದು ಸಾಲು ಇದ್ದರೆ ಅವರು ಹೊಂದಿಸಿಕೊಳ್ಳುತ್ತಾರೆ. ದಾರ ಕಟ್ಟಿಕೊಂಡು ಮುಂದಿನಿಂದ, ಪಕ್ಕದಿಂದ ತೆಗೆದ ಎರಡು ಫೋಟೊ ಸೇರಿಸಿದರೆ ಇನ್ನೂ ಒಳ್ಳೆಯದು. ಪಟ್ಟಿಯ ನಡುವಿನ ತೂತಿಗೆ ನಿಮ್ಮ ಈಗಿನ ಸೊಂಟ ಬರುವಂತೆ ಕೇಳಿಕೊಳ್ಳಿ, ಆಗ ಎರಡೂ ಕಡೆ ಇಂಚು ಜಾಗ ಉಳಿಯುತ್ತದೆ. ನನ್ನ ಎರಡನೇ ಕಿಲ್ಟ್ ಹಾಗೇ ಬಂತು. ಸೊಂಟ 37. ಸಾಮಾನ್ಯ ದಿನ ನಡುವಿನ ತೂತು, ಯುಗಾದಿಯ ಹೋಳಿಗೆ ಊಟವಾದ ಮೇಲೆ ಕೊನೆಯದು.