ಪಿಗ್ಮಿ ಬಿಡಿಸಿ ಕ್ರೆಡಿಟ್ ಕಾರ್ಡಿಗೆ ತುಂಬಿದೆ: ನಾಲ್ಕೂವರೆ ಲಕ್ಷದ ಸಾಲ ಮುಗಿಸಿದ ನನ್ನ ಅನುಭವ

"ಪಿಗ್ಮಿ ಮುರಿದು ಕಾರ್ಡಿಗೆ ತುಂಬ್ತೀಯಾ? ತಲಿ ಗಿಲಿ ಕೆಟ್ಟದೇನೋ ನಿಂದು?"

ಪಿಗ್ಮಿ ಕಾಕಾ ಹೀಗೆ ಅಂದಾಗ ಗಿರಣಿಯಲ್ಲಿ ನಾಲ್ಕೈದು ಹೆಣ್ಣುಮಕ್ಕಳು ಜೋಳದ ಡಬ್ಬಿ ಇಟ್ಟುಕೊಂಡು ಕೂತಿದ್ದರು. ಮರ್ಯಾದೆ ಹೋಯಿತು ಅನಿಸಿತು. 2023ರ ಜನವರಿ, ಸಿದ್ದೇಶ್ವರ ಜಾತ್ರೆ ಆಗಷ್ಟೇ ಮುಗಿದಿತ್ತು. ಕಾಕಾ ನಮ್ಮಪ್ಪನ ಕಾಲದಿಂದಲೂ ದಿನಾ ಸಂಜೆ ನಾಲ್ಕಕ್ಕೆ ಬರುವವರು. ದಿನಕ್ಕೆ 200 ರೂಪಾಯಿ ಅವರಿಗೆ ಕೊಟ್ಟು, ಚೀಟಿ ಹರಿಸಿಕೊಂಡು, ನಾನು ಉಳಿತಾಯ ಮಾಡುವ ಮನುಷ್ಯ ಅಂತ ಖುಷಿಯಾಗಿದ್ದೆ. ಅದೇ ಹೊತ್ತಿಗೆ ಮೂರು ಕಾರ್ಡುಗಳ ಮೇಲೆ 4 ಲಕ್ಷ 60 ಸಾವಿರ ಸಾಲ ಇತ್ತು. ಪಿಗ್ಮಿಗೆ ನೂರಕ್ಕೆ ಮೂರೋ ನಾಲ್ಕೋ ಬಡ್ಡಿ ಬರುತ್ತಿತ್ತು, ಅದೂ ವರ್ಷಕ್ಕೆ. ಕಾರ್ಡಿನವರು ತೆಗೆದುಕೊಳ್ಳುತ್ತಿದ್ದದ್ದು ತಿಂಗಳಿಗೆ ಮೂರೂವರೆ, ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ ಬೇರೆ. ಈ ಎರಡನ್ನೂ ಒಂದೇ ಹಾಳೆಯಲ್ಲಿ ಬರೆದು ನೋಡೋಕೆ ನನಗೆ ಐದು ವರ್ಷ ಬೇಕಾಯಿತು.

ಮಿನಿಮಮ್ ಡ್ಯೂ ಅಂದ್ರೇನು, ಬಿಲ್ಲಿಂಗ್ ಸೈಕಲ್ ಅಂದ್ರೇನು ಅಂತ ಹೇಳ್ತಾ ಕೂರಲ್ಲ. ಈ ಕೆಸರಿನಲ್ಲಿ ಕಾಲಿಟ್ಟವರಿಗೆ ಅದೆಲ್ಲ ಬಾಯಿಪಾಠ. ನನ್ನ ಕತೆ ಇಷ್ಟೇ: ಮೊದಲು ಸಂಬಳದ ಕೆಲಸದಲ್ಲಿದ್ದೆ, ಆಗ ಮೂರು ಕಾರ್ಡ್ ಮನೆಗೇ ಬಂದವು. 2019ರಲ್ಲಿ ಕೆಲಸ ಬಿಟ್ಟು ಅಪ್ಪನ ಹಿಟ್ಟಿನ ಗಿರಣಿ ಹಿಡಿದೆ. ಖಾರ ಕುಟ್ಟುವ ಯಂತ್ರ, ಹೊಸ ಮೋಟರು, ಮಗಳ ಆಸ್ಪತ್ರೆ, ಎಲ್ಲಾ ಕಾರ್ಡಿನ ಮೇಲೆ. 2020ರಲ್ಲಿ ಮಾರ್ಚಿನಿಂದ ಆಗಸ್ಟ್‌ವರೆಗೆ ಕಂತು ಕಟ್ಟಬೇಕಿಲ್ಲ ಅಂದಾಗ ಸಂತೋಷಪಟ್ಟೆ. ಕಂತು ನಿಂತಿತ್ತು, ಬಡ್ಡಿ ನಿಂತಿರಲಿಲ್ಲ. ಆರು ತಿಂಗಳ ನಂತರ ಸ್ಟೇಟ್‌ಮೆಂಟ್ ನೋಡಿ ಎದೆ ಧಸಕ್ ಅಂತು.

ಆಮೇಲೆ ಮಾಡಿದ ದಡ್ಡತನ ಒಂದೆರಡಲ್ಲ. ಒಂದು ಕಾರ್ಡ್ ಉಜ್ಜಿ ಇನ್ನೊಂದಕ್ಕೆ ತುಂಬುವುದು. ಮಾರ್ಕೆಟ್ಟಿನಲ್ಲಿ ಒಬ್ಬ ಸ್ವೈಪ್ ಮಾಡಿ ನಗದು ಕೊಡುತ್ತಿದ್ದ, ನೂರಕ್ಕೆ ಎರಡೂವರೆ ಅವನ ಪಾಲು. ಒಂದು ವರ್ಷಕ್ಕಿಂತ ಜಾಸ್ತಿ ಇದೇ ಆಟ. ಅವನೊಬ್ಬನಿಗೇ ಹದಿನೈದು ಸಾವಿರದ ಮೇಲೆ ಕೊಟ್ಟಿರಬೇಕು. ಒಂದು ಲೋನ್ ಆ್ಯಪ್‌ನಲ್ಲಿ ಎಂಟು ಸಾವಿರ ಕೇಳಿದೆ, ಕೈಗೆ ಐದು ಸಾವಿರ ಚಿಲ್ಲರೆ ಬಂತು, ವಾರಕ್ಕೆ ಎಂಟೂ ವಾಪಸ್ ಕೊಡಬೇಕು. ಅದನ್ನು ಹೆಂಡತಿಗೆ ಹೇಳಿದ್ದು ಈಗ ಮೊನ್ನೆ.

ಪರ್ಸನಲ್ ಲೋನ್ ತೆಗೆದು ಕಾರ್ಡ್ ಮುಗಿಸೋಣ ಅಂತ ಎಲ್ಲರೂ ಹೇಳುತ್ತಾರೆ. ಕೊಡಬೇಕಲ್ಲ? ಸಿಬಿಲ್, ಅಂದರೆ ಸಾಲ ಕೊಡುವ ಮುಂಚೆ ಬ್ಯಾಂಕು ನೋಡುವ ಸ್ಕೋರು, 591. ಇನ್‌ಕಮ್ ಟ್ಯಾಕ್ಸ್ ರಿಟರ್ನ್ಸ್ ಎರಡು ವರ್ಷ ಫೈಲ್ ಮಾಡಿರಲಿಲ್ಲ. ಎರಡು ತಿಂಗಳಲ್ಲಿ ಏಳು ಕಡೆ ಅರ್ಜಿ ಹಾಕಿದೆ, ಏಳೂ ರಿಜೆಕ್ಟ್. ಪ್ರತಿ ಅರ್ಜಿಗೂ ಒಂದೊಂದು ಎನ್‌ಕ್ವೈರಿ ಬಿದ್ದು ಸ್ಕೋರು ಇನ್ನೂ ಕೆಳಗೆ. ಗಾಂಧಿ ಚೌಕದ ಹತ್ತಿರದ ಬ್ಯಾಂಕಿನಲ್ಲಿ ಮುದ್ರಾ ಸಾಲ ಕೇಳಿದರೆ ಮ್ಯಾನೇಜರ್ ನಕ್ಕರು. "ಮುದ್ರಾ ಧಂದೆಕ್ಕ ಕೊಡ್ತಾರ್ರೀ, ಕಾರ್ಡಿನ ಸಾಲ ತೀರಿಸಾಕಲ್ಲ." ಮಾತು ಸರಿಯೇ ಇತ್ತು. ನಕ್ಕಿದ್ದು ಮಾತ್ರ ಮರೆತಿಲ್ಲ.

ವಕೀಲಿ ಕಲಿತ ಗೆಳೆಯ ಒಬ್ಬ "ಮೂವತ್ತು ಪರ್ಸೆಂಟ್ ಮ್ಯಾಲ ಬಡ್ಡಿ ಹಾಕಂಗಿಲ್ಲ, ಕೇಸ್ ಹಾಕು" ಅಂತ ಬೆನ್ನು ಹತ್ತಿದ್ದ. 2008ರಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗ ಹಾಗೆ ಹೇಳಿದ್ದು ನಿಜ. ಆದರೆ ಅದು ಸುಪ್ರೀಂ ಕೋರ್ಟಿನಲ್ಲಿ ತಡೆಯಲ್ಲಿತ್ತು. ನಾನು ಕೇಸಿಗೆ ಹೋಗಲಿಲ್ಲ. ಒಳ್ಳೆಯದೇ ಆಯಿತು, 2024ರ ಡಿಸೆಂಬರ್ 20ಕ್ಕೆ ಸುಪ್ರೀಂ ಕೋರ್ಟು ಆ ಆದೇಶವನ್ನೇ ರದ್ದು ಮಾಡಿತು. ಅಷ್ಟೊತ್ತಿಗೆ ನನ್ನ ಸಾಲ ಮುಗಿದಿತ್ತು, ಗೆಳೆಯನಿಗೆ ಪೇಪರ್ ಕಟಿಂಗ್ ಕಳಿಸಿದೆ.

ಈಗ ಕೆಲಸದ ಮಾತು.

ಮೊದಲು ಬಂಗಾರ. ಸಿಬಿಲ್ ಕೆಟ್ಟವನಿಗೂ ಬ್ಯಾಂಕು ಬಾಗಿಲು ತೆಗೆಯುವುದು ಇದೊಂದಕ್ಕೇ. ಹೆಂಡತಿಯ ಬೋರಮಾಳ, ಪಾಟ್ಲಿ ಸೇರಿ ನಾಲ್ಕು ತೊಲೆ. ಕೇಳೋಕೆ ಮೂರು ದಿನ ಧೈರ್ಯ ಸಾಲಲಿಲ್ಲ. ಕೇಳಿದಾಗ ಅವಳು ಕೊರಳಿಗೆ ಕೈ ಹಾಕಿ ಬೋರಮಾಳ ಬಿಚ್ಚಿದಳು, ಮಾತಾಡಲಿಲ್ಲ. ಪಾಟ್ಲಿ ಮಾತ್ರ ಕೈಯಿಂದ ಬರಲಿಲ್ಲ, ಸಾಬೂನು ಹಚ್ಚಿ ತೆಗೆಯಬೇಕಾಯಿತು. ಒಟ್ಟು 1 ಲಕ್ಷ 40 ಸಾವಿರ ಸಿಕ್ಕಿತು, ವರ್ಷಕ್ಕೆ ಒಂಬತ್ತು ಪರ್ಸೆಂಟಿನ ಆಸುಪಾಸು. ಇಲ್ಲಿ ಒಂದು ಕಿವಿಮಾತು: ಎಲ್ಲಾ ಬಂಗಾರ ಒಂದೇ ಖಾತೆಯಲ್ಲಿ ಇಡಬೇಡಿ. ನಾನು ಎರಡು ಲೋನ್ ಮಾಡಿಸಿದೆ, ಬೋರಮಾಳಕ್ಕೆ 55 ಸಾವಿರ, ಪಾಟ್ಲಿಗೆ 85 ಸಾವಿರ. ಒಂದು ತೀರಿದ ಕೂಡಲೇ ಒಂದು ಒಡವೆ ಮನೆಗೆ ಬರುತ್ತದೆ. ಒಟ್ಟಿಗೆ ಇಟ್ಟರೆ ಪೂರ್ತಿ ತೀರುವತನಕ ಹೆಂಡತಿಯ ಮುಖ ನೋಡುವುದು ಕಷ್ಟ.

ಎರಡನೆಯದು ಪಿಗ್ಮಿ. ಅವಧಿಗೆ ಮುಂಚೆ ಮುರಿದದ್ದಕ್ಕೆ ಸ್ವಲ್ಪ ಹಿಡಿದುಕೊಂಡು 38 ಸಾವಿರ ಕೊಟ್ಟರು. ಕಾಕಾ ಒಂದು ತಿಂಗಳು ನಮ್ಮ ಅಂಗಡಿ ಮುಂದೆ ಗಾಡಿ ನಿಲ್ಲಿಸಲಿಲ್ಲ.

ಈ 1 ಲಕ್ಷ 78 ಸಾವಿರದಲ್ಲಿ 85 ಸಾವಿರದ ಚಿಕ್ಕ ಕಾರ್ಡ್ ಪೂರ್ತಿ ಮುಗಿಸಿದೆ. ಉಳಿದದ್ದನ್ನು 1 ಲಕ್ಷ 35 ಸಾವಿರದ ಕಾರ್ಡಿಗೆ ಹಾಕಿದೆ, ಅದರ ಬಡ್ಡಿ ಎಲ್ಲಕ್ಕಿಂತ ಜಾಸ್ತಿ. ದೊಡ್ಡದು, 2 ಲಕ್ಷ 40 ಸಾವಿರದ್ದು, ಹಾಗೇ ಇತ್ತು.

ಮೂರನೆಯದೇ ನನ್ನ ಪದ್ಧತಿ. ಪಿಗ್ಮಿ ಕಾಕಾ ಬರುತ್ತಿದ್ದ ಅದೇ ನಾಲ್ಕು ಗಂಟೆಗೆ, ಗಲ್ಲೆ ತೆಗೆದು ಎಣಿಸಿ, ದಿನಾ 700 ರೂಪಾಯಿ ಕಾರ್ಡಿಗೆ ತುಂಬುವುದು. ತಿಂಗಳಿಗೊಮ್ಮೆ ಅಲ್ಲ, ದಿನಾ. ಕಾರ್ಡಿನ ಬಡ್ಡಿ ದಿನದ ಲೆಕ್ಕದಲ್ಲಿ ಬೀಳುತ್ತದೆ, ಹಾಗಾಗಿ ಇವತ್ತು ಹಾಕಿದ ದುಡ್ಡಿಗೆ ನಾಳೆಯಿಂದ ಬಡ್ಡಿ ಇಲ್ಲ. ನಿಜ ಹೇಳಬೇಕೆಂದರೆ ಇದರಿಂದ ಬಡ್ಡಿಯಲ್ಲಿ ಉಳಿದದ್ದು ತಿಂಗಳಿಗೆ ನಾನೂರು ರೂಪಾಯಿ ಅಷ್ಟೇ. ಲಾಭ ಬೇರೆ ಕಡೆ. ಗಿರಣಿ ದುಡ್ಡು ಹತ್ತು, ಇಪ್ಪತ್ತರ ನೋಟು. ಗಲ್ಲೆಯಲ್ಲಿ ಇದ್ದರೆ ಚಹಾ, ಬಜಿ, ಗೆಳೆಯರ ಕೈಗಡ ಅಂತ ಕರಗಿ ಹೋಗುತ್ತದೆ. ತಿಂಗಳ ಕೊನೆಗೆ 21 ಸಾವಿರ ನನ್ನ ಗಲ್ಲೆ ಯಾವತ್ತೂ ಕಂಡಿಲ್ಲ. ದಿನಕ್ಕೆ 700 ಮಾತ್ರ ದಿನಾ ಕಂಡಿದೆ.

ಅಕ್ಕನ ಗಂಡ ಲೆಕ್ಕ ಹಾಕಿ ನಕ್ಕರು. "ಮುಗಿಯೋದ್ರಾಗ ನಿನ್ನ ಮಗಳ ಮದ್ವಿ ಆಗ್ತದ." ಅವರು ಬಡ್ಡಿ ಪೂರ್ತಿ ಸಾಲದ ಮೇಲೆ ಹಾಕುತ್ತಿದ್ದರು. ಬಂಗಾರ, ಪಿಗ್ಮಿ ಹೋಗಿ ಉಳಿದದ್ದು 2 ಲಕ್ಷ 82 ಸಾವಿರ. ತಿಂಗಳ ಬಡ್ಡಿ, ಜಿಎಸ್‌ಟಿ ಸೇರಿ 19 ಸಾವಿರ ಇದ್ದದ್ದು ಹನ್ನೊಂದೂವರೆಗೆ ಇಳಿದಿತ್ತು. ಅಂದರೆ ನನ್ನ 21 ಸಾವಿರದಲ್ಲಿ ಒಂಬತ್ತೂವರೆ ಅಸಲಿಗೆ ಹೋಗುತ್ತಿತ್ತು. ಮೊದಲು 23 ಸಾವಿರ ಕಟ್ಟಿದರೂ ಅಸಲಿಗೆ ನಾಲ್ಕು ಸಾವಿರ ಹೋಗುತ್ತಿತ್ತು, ಅದನ್ನೂ ಮತ್ತೆ ಉಜ್ಜಿ ಖರ್ಚು ಮಾಡುತ್ತಿದ್ದೆ.

ಉಜ್ಜುವುದು ನಿಲ್ಲಿಸೋಕೆ ಮೊದಲು ಕಾರ್ಡುಗಳನ್ನು ಅಕ್ಕನ ಮನೆಯಲ್ಲಿ ಇಟ್ಟು ಬಂದೆ. ಏನೂ ಪ್ರಯೋಜನ ಆಗಲಿಲ್ಲ, ನಂಬರ್ ಎಲ್ಲಾ ಫೋನಿನಲ್ಲಿ ಸೇವ್ ಆಗಿತ್ತು. ಬ್ಯಾಂಕಿನ ಆ್ಯಪ್‌ನಲ್ಲಿ ಆನ್‌ಲೈನ್ ವ್ಯವಹಾರವನ್ನೇ ಆಫ್ ಮಾಡುವ ಬಟನ್ ಇರುತ್ತದೆ, ಅದು ಒತ್ತಿದ ಮೇಲೆ ಶಾಂತಿ.

ಮೊದಲ ತಿಂಗಳೇ ಎಡವಿದೆ. ಬಿಲ್ ತಾರೀಕಿಗೆ ಮುಂಚೆ 18 ಸಾವಿರ ತುಂಬಿದ್ದೆ. ಬಿಲ್ ಬಂತು, ಮಿನಿಮಮ್ (ಆ ತಿಂಗಳು ಕಟ್ಟಲೇಬೇಕಾದ ಕನಿಷ್ಠ ಮೊತ್ತ) ಆಗಲೇ ಕಟ್ಟಿಯಾಯಿತಲ್ಲ ಅಂದುಕೊಂಡು ಆ ವಾರದ ದುಡ್ಡೆಲ್ಲ ಇನ್ನೊಂದು ಕಾರ್ಡಿಗೆ ಹಾಕಿದೆ. ಆದರೆ ಬಿಲ್ ಆಗುವ ಮುಂಚೆ ಹಾಕಿದ್ದು ಆ ಬಿಲ್ಲಿನ ಮಿನಿಮಮ್‌ಗೆ ಜಮಾ ಆಗಲ್ಲ, ಬಿಲ್ ಆದ ಮೇಲೆ ಹಾಕಿದ್ದು ಮಾತ್ರ. ಗಡುವು ದಾಟಿ ಮೂರು ದಿನ ಬಿಡ್ತಾರೆ, ನಾನು ಆರನೇ ದಿನ ನೋಡಿದೆ. ಸಾವಿರದ ಹತ್ತಿರ ಲೇಟ್ ಫೀ, ಮೇಲೆ ಜಿಎಸ್‌ಟಿ. ವಸೂಲಿಯವನ ಫೋನು ರಾತ್ರಿ ಎಂಟೂವರೆಗೆ. ಬೆಳಿಗ್ಗೆ ಎಂಟಕ್ಕೆ ಮುಂಚೆ, ಸಂಜೆ ಏಳರ ನಂತರ ಫೋನ್ ಮಾಡಬಾರದು ಅಂತ ರಿಸರ್ವ್ ಬ್ಯಾಂಕು 2022ರಲ್ಲೇ ಹೇಳಿದೆ. ಕಾಲ್ ಬಂದ ಸಮಯದ ಸ್ಕ್ರೀನ್‌ಶಾಟ್ ತೆಗೆದು ಬ್ಯಾಂಕಿನ ದೂರು ವಿಭಾಗಕ್ಕೆ ಮೇಲ್ ಹಾಕಿದೆ. ಮತ್ತೆ ಬರಲಿಲ್ಲ. ಅಂದಿನಿಂದ ಕ್ಯಾಲೆಂಡರ್ ಮೇಲೆ ಬಿಲ್ ತಾರೀಕಿಗೆ ಕೆಂಪು, ಗಡುವಿಗೆ ಹಸಿರು ಗುರುತು. ಕೆಂಪಿನಿಂದ ಹಸಿರಿನೊಳಗೆ ಮೊದಲು ಎರಡೂ ಮಿನಿಮಮ್, ಆಮೇಲೆ ಉಳಿದದ್ದೆಲ್ಲ ಒಂದೇ ಕಾರ್ಡಿಗೆ.

ಮುಗಿಸಿದ ಚಿಕ್ಕ ಕಾರ್ಡೂ ಕಾಡಿತು. ಪೂರ್ತಿ ಕಟ್ಟಿದ ಮುಂದಿನ ತಿಂಗಳು 1,100 ರೂಪಾಯಿ ಬಿಲ್! ಬಿಲ್ ಆದ ದಿನದಿಂದ ಕಟ್ಟಿದ ದಿನದವರೆಗಿನ ಬಡ್ಡಿಯಂತೆ. ಅದನ್ನೂ ಕಟ್ಟಿ, ಕ್ಲೋಸ್ ಮಾಡಿ ಅಂತ ಬರೆದೆ. ಅವರು ಹೊಸ ಆಫರ್ ಹೇಳೋಕೆ ಶುರು ಮಾಡಿದರು. ಬಾಕಿ ಇಲ್ಲದ ಕಾರ್ಡನ್ನು ಏಳು ಕೆಲಸದ ದಿನಗಳಲ್ಲಿ ಮುಚ್ಚದಿದ್ದರೆ ದಿನಕ್ಕೆ 500 ರೂಪಾಯಿ ಗ್ರಾಹಕನಿಗೆ ಕೊಡಬೇಕು ಅಂತ ನಿಯಮ ಇದೆ. ಅದನ್ನು ಎರಡು ಸಾಲಿನಲ್ಲಿ ಬರೆದು ಕಳಿಸಿದ ಮೇಲೆ ಬೇಗ ಪತ್ರ ಬಂತು.

ಫೆಬ್ರವರಿಯಿಂದ ಮೇವರೆಗೆ ಮೆಣಸಿನಕಾಯಿ ಸೀಜನ್. ಬ್ಯಾಡಗಿ, ಗುಂಟೂರು ಕುಟ್ಟಿ ಕುಟ್ಟಿ ಕಣ್ಣು ಕೆಂಪಗೆ, ಸೀನು ನಿಲ್ಲಲ್ಲ. ಜೋಳ ಬೀಸಿದರೆ ಕಿಲೋಗೆ ಐದಾರು ರೂಪಾಯಿ, ಖಾರಕ್ಕೆ ಮೂವತ್ತು. ಆ ನಾಲ್ಕು ತಿಂಗಳು ದಿನಕ್ಕೆ 1,200ರಿಂದ 1,500 ತುಂಬಿದೆ. ಏಪ್ರಿಲ್‌ನಲ್ಲಿ ಎರಡನೇ ಕಾರ್ಡೂ ಮುಗಿಯಿತು. ಜೂನಿನಲ್ಲಿ ಮೋಟರ್ ಸುಟ್ಟು ರಿವೈಂಡಿಂಗಿಗೆ ಹದಿನಾಲ್ಕು ಸಾವಿರ, ಜೊತೆಗೆ ಮಗಳ ಫೀ. ದಿನದ 700 ಐದುನೂರಾಯಿತು. ಆದರೂ ಒಂದು ದಿನವೂ ಬಿಡಲಿಲ್ಲ. ಸುಳ್ಳು ಯಾಕೆ, ನಾಲ್ಕೈದು ದಿನ ಬಿಟ್ಟಿದ್ದೇನೆ. ನಾಗರಪಂಚಮಿಗೆ ತಂಬಿಟ್ಟಿನ ಹಿಟ್ಟಿಗೆ ಜನ ಮುಗಿಬಿದ್ದಾಗ ಸರಿಮಾಡಿಕೊಂಡೆ.

ನಡುವೆ ಬೇರೆ ಪ್ರಯೋಗಗಳೂ ಆದವು. ನವಣೆ ಹಿಟ್ಟಿನ ಪ್ಯಾಕೆಟ್ ಮಾಡಿ ಮಾರಲು ಹೋಗಿ ಅರವತ್ತು ಪ್ಯಾಕೆಟ್‌ಗೆ ಹುಳ ಬಿತ್ತು, ನಾಲ್ಕೂವರೆ ಸಾವಿರ ಮಣ್ಣು. ಹೆಂಡತಿ ಖಡಕ್ ರೊಟ್ಟಿ ಮಾಡಿ ಕೊಟ್ಟದ್ದು ನಡೆಯಿತು, ಮಾಲದಂಡಿ ಜೋಳ, ನಮ್ಮದೇ ಹಿಟ್ಟು. ತಿಂಗಳಿಗೆ ಮೂರು ಸಾವಿರ ಉಳಿಯುತ್ತಿತ್ತು. ಓಣಿಯಲ್ಲಿ ಇಪ್ಪತ್ತು ಜನರ ಭಿಶಿ, ಅಂದರೆ ಚೀಟಿ ಇತ್ತು, ಒಬ್ಬೊಬ್ಬರದು ತಿಂಗಳಿಗೆ ಎರಡು ಸಾವಿರ, ಒಟ್ಟು ನಲವತ್ತು ಸಾವಿರ. ಮೂರನೇ ತಿಂಗಳು ಕೂಗಿ 31 ಸಾವಿರಕ್ಕೆ ಎತ್ತಿದೆ. ಒಂಬತ್ತು ಸಾವಿರ ಹೋಯಿತು ಅಂತ ಎಲ್ಲರೂ ಅಂದರು. ಪ್ರತಿ ತಿಂಗಳು ವಾಪಸ್ ಬರುವ ಪಾಲು ಕಳೆದು ನೋಡಿದರೆ ವರ್ಷಕ್ಕೆ ನೂರಕ್ಕೆ ಹದಿನೈದರ ಹತ್ತಿರ ಬೀಳುತ್ತದೆ, ಕಾರ್ಡಿನ ಮುಂದೆ ಏನೂ ಅಲ್ಲ. ಆದರೆ ಭಿಶಿ ನಡೆಸುವವರು ನಂಬಿಗಸ್ತರಾಗಿರಬೇಕು, ಇಲ್ಲಾಂದ್ರೆ ಹತ್ತಿರ ಹೋಗಬೇಡಿ.

ಸೆಟಲ್‌ಮೆಂಟ್ ಯಾಕೆ ಮಾಡಲಿಲ್ಲ ಅಂತ ಕೇಳ್ತಾರೆ. ನನಗೂ ಆಫರ್ ಬಂದಿತ್ತು. ಪರಿಚಯದವರೊಬ್ಬರು ಲೋಕ ಅದಾಲತ್‌ನಲ್ಲಿ ಅರ್ಧಕ್ಕೆ ಮುಗಿಸಿಕೊಂಡರು. ಸಿಬಿಲ್‌ನಲ್ಲಿ 'ಕ್ಲೋಸ್ಡ್' ಬದಲು 'ಸೆಟಲ್ಡ್' ಅಂತ ಬಿತ್ತು, ಅವರಿಗೆ ಸ್ಕೂಟರಿಗೂ ಸಾಲ ಹುಟ್ಟಲಿಲ್ಲ. ಬಡ್ಡಿಯಷ್ಟೂ ದುಡಿಯಲು ಆಗದವರಿಗೆ ಅದೇ ದಾರಿ ಇರಬಹುದು. ನನಗೆ ಹೊಸ ಯಂತ್ರಕ್ಕೆ ಸಾಲ ಬೇಕಿತ್ತು.

ಅಕ್ಟೋಬರ್ ಹೊತ್ತಿಗೆ ದೊಡ್ಡ ಕಾರ್ಡಿನಲ್ಲಿ 1 ಲಕ್ಷ 40 ಸಾವಿರ ಉಳಿದಿತ್ತು. ಕಾಲ್ ಸೆಂಟರಿನಲ್ಲಿ ಎರಡು ಸಲ ಇಎಂಐ ಕೇಳಿದ್ದೆ, "ನಿಮಗೆ ಎಲಿಜಿಬಿಲಿಟಿ ಇಲ್ಲ ಸರ್." ಮೂರನೇ ಸಲ ಫೋನ್ ಮಾಡಲಿಲ್ಲ, ಒಂದು ಮೇಲ್ ಹಾಕಿದೆ. ದಿನಾ ತುಂಬಿದ ಸುಮಾರು ಇನ್ನೂರು ರಸೀದಿಗಳ ಪಟ್ಟಿ ಲಗತ್ತಿಸಿದ್ದೆ. ಯಾರಿಗೆ ಹಾಕಿದೆ, ಏನು ಬರೆದೆ ಅನ್ನುವುದು ಇಲ್ಲಿ ಬೇಡ. ಎಲ್ಲರೂ ಅದನ್ನೇ ನಕಲು ಹೊಡೆದು ಕಳಿಸಿದರೆ ಅದು ಕೆಲಸ ಮಾಡಲ್ಲ. ಹತ್ತು ದಿನದಲ್ಲಿ ವರ್ಷಕ್ಕೆ 16 ಪರ್ಸೆಂಟಿನ ಮೇಲೆ ಹನ್ನೆರಡು ಕಂತು ಮಾಡಿಕೊಟ್ಟರು, ಕಂತು ಹನ್ನೆರಡು ಸಾವಿರದ ಏಳುನೂರರ ಹತ್ತಿರ. 2024ರ ದೀಪಾವಳಿಯ ಹೊತ್ತಿಗೆ ಅದೂ ಮುಗಿದು, ಬೋರಮಾಳ ಮನೆಗೆ ಬಂತು.

ಸ್ಕೋರು ನೋಡುವುದಕ್ಕೂ ದುಡ್ಡು ಕೊಡಲಿಲ್ಲ. ಇಂಥ ಸ್ಕೋರು ಕೊಡುವ ನಾಲ್ಕು ಸಂಸ್ಥೆಗಳೂ ವರ್ಷಕ್ಕೊಂದು ರಿಪೋರ್ಟ್ ಪುಕ್ಕಟೆ ಕೊಡುತ್ತವೆ, ಮೂರು ತಿಂಗಳಿಗೊಂದರಂತೆ ತೆಗೆದರೆ ವರ್ಷ ಪೂರ್ತಿ ಆಗುತ್ತದೆ. ಕೊನೆಗೆ ಸಿಬಿಲ್ 748. ಎರಡು ವರ್ಷದ ರಿಟರ್ನ್ಸ್ ಹಿಡಿದು ಅದೇ ಗಾಂಧಿ ಚೌಕದ ಮ್ಯಾನೇಜರ್ ಮುಂದೆ ಕೂತೆ. 2025ರ ಜನವರಿಯಲ್ಲಿ ಖಾರದ ಹೊಸ ಯಂತ್ರಕ್ಕೆ ಮುದ್ರಾ ಮಂಜೂರಾಯಿತು. ಈ ಸಲ ಚಹಾ ತರಿಸಿದರು.

ಕಾಕಾ ಈಗ ಮತ್ತೆ ನಾಲ್ಕಕ್ಕೆ ಬರುತ್ತಾರೆ. ನೂರೇ ರೂಪಾಯಿ ಕೊಡ್ತೀನಿ, ಗೊಣಗುತ್ತಾ ಚೀಟಿ ಹರೀತಾರೆ. ಯಂತ್ರಕ್ಕೆ ನಮ್ಮ ಪಾಲಿನ ದುಡ್ಡು ಹಾಕಬೇಕಾಗಿ ಬಂದು ಪಾಟ್ಲಿ ಇನ್ನೂ ಬ್ಯಾಂಕಿನಲ್ಲೇ ಇವೆ, ಐವತ್ತು ಸಾವಿರ ಬಾಕಿ. ದಿನದ 700 ಈಗ ಅಲ್ಲಿಗೆ ಹೋಗುತ್ತಿದೆ. ಮೆಣಸಿನಕಾಯಿ ಸೀಜನ್ ಶುರುವಾಗಿದೆ, ಬೆಳಿಗ್ಗೆಯಿಂದ ಹನ್ನೊಂದು ಚೀಲ ಬಂದು ಬಿದ್ದಿವೆ.